ಕಂಬ ಗಟ್ಟಿ ಸರಿ, ಬೆಸುಗೆ?

ತುಮಕೂರಿನಿಂದ ವಸಂತನರಸಾಪುರದ ಕಡೆ ಹೋಗಿ, ಇಲ್ಲವೇ ಕುಣಿಗಲ್‌ನಿಂದ ಅಂಚೇಪಾಳ್ಯದ ಕಡೆ ಹೋಗಿ, ಕಣ್ಣಿಗೆ ಬೀಳುವುದು ಉಕ್ಕಿನ ಕಂಬ, ಉಕ್ಕಿನ ಬೀಮ್. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೂ ಉದ್ಘಾಟನೆಯಾಯಿತು. ಸಿವಿಲ್ ಓದಿ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಇದೆಲ್ಲ ಬರೀ ನೋಟವಲ್ಲ, ಅನ್ನದ ದಾರಿ. ಆದರೆ ಕಂಬಕ್ಕೆ ಬೀಮ್ ಸೇರುವ ಆ ಒಂದು ಗೇಣು ಜಾಗದ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ.

ನನಗೆ ಅದರ ಬಿಸಿ ತಟ್ಟಿದ್ದು ಗುಬ್ಬಿಯಲ್ಲಿ. ಸೋದರಮಾವ ತಮ್ಮ ಗೋದಾಮಿನಲ್ಲಿ ಅಟ್ಟ ಕಟ್ಟಿಸುತ್ತಿದ್ದರು. ಮೇಲೆ ಸಿಮೆಂಟ್ ಮೂಟೆ, ಕೆಳಗೆ ದಿನವಿಡೀ ದುಡಿಯುವ ನಾಲ್ಕು ಹುಡುಗರು. ಚೌಕ ಉಕ್ಕಿನ ಕೊಳವೆ ನಿಲ್ಲಿಸಿ, ಒಳಗೆ ಕಾಂಕ್ರೀಟ್ ತುಂಬಿ, ಬೀಮ್‌ನ ತುದಿಯನ್ನು ನೇರವಾಗಿ ಕೊಳವೆಯ ಗೋಡೆಗೆ ವೆಲ್ಡ್ ಮಾಡುವುದೆಂದು ತೀರ್ಮಾನವಾಗಿತ್ತು. ನಾನು ತಕರಾರು ತೆಗೆದೆ. ‘ಒಳಗೆ ಕಾಂಕ್ರೀಟ್ ಇದೆಯಲ್ಲೋ ಅಳಿಯಾ, ಇನ್ನೇನು ಬೇಕು?’ ಎಂದರು ಮಾವ.

ಪ್ರಶ್ನೆ ನ್ಯಾಯವಾದದ್ದೇ. ಇಂಥ ಕಂಬ ನಿಜಕ್ಕೂ ಗಟ್ಟಿ. ಉಕ್ಕು ಕಾಂಕ್ರೀಟನ್ನು ಸುತ್ತಲೂ ಬಿಗಿಹಿಡಿಯುತ್ತದೆ, ಕಾಂಕ್ರೀಟ್ ಉಕ್ಕಿನ ಗೋಡೆ ಒಳಕ್ಕೆ ಮಡಚದಂತೆ ತಡೆಯುತ್ತದೆ. ತೊಂದರೆ ಇರುವುದು ಎಳೆತದಲ್ಲಿ. ತಗಡಿನ ಡಬ್ಬಿಗೆ ಮರಳು ತುಂಬಿ, ಹೊರಗೊಂದು ಹಿಡಿಕೆ ಬೆಸೆದು ಜಗ್ಗಿ ನೋಡಿ. ಮರಳು ತಗಡನ್ನು ಹಿಡಿದು ನಿಲ್ಲಿಸುವುದಿಲ್ಲ. ಹಾಗೆಯೇ ಭೂಮಿ ನಡುಗಿದಾಗ ಬೀಮ್ ಆಚೀಚೆ ಬಾಗುತ್ತದೆ. ಒಮ್ಮೆ ಮೇಲಿನ ಫ್ಲಾಂಜ್ ಗೋಡೆಯನ್ನು ಹೊರಕ್ಕೆ ಎಳೆದರೆ, ಮರುಕ್ಷಣ ಕೆಳಗಿನದು. 300 ಮಿ.ಮೀ. ಎತ್ತರದ ಸಾಮಾನ್ಯ ಐಎಸ್‌ಎಂಬಿ ಬೀಮ್‌ನ ಫ್ಲಾಂಜ್ 140 ಮಿ.ಮೀ. ಅಗಲ, 12 ಮಿ.ಮೀ.ಗಿಂತ ತುಸು ಹೆಚ್ಚು ದಪ್ಪ. ಚದರ ಮಿ.ಮೀ.ಗೆ 250 ನ್ಯೂಟನ್ ಲೆಕ್ಕ ಹಾಕಿದರೆ ಒಂದು ಫ್ಲಾಂಜಿನ ಎಳೆತವೇ ಸುಮಾರು 44 ಟನ್. ಅದನ್ನು ತಡೆಯಲು ಮಾವ ತಂದಿದ್ದದ್ದು 6 ಮಿ.ಮೀ. ಗೋಡೆ!

ದಾರಿಗಳಿವೆ. ಎರಡೂ ಫ್ಲಾಂಜ್‌ಗಳ ಮಟ್ಟದಲ್ಲಿ ಕಂಬದ ಸುತ್ತ ಕೊರಳಪಟ್ಟಿಯಂತೆ ದಪ್ಪ ಪ್ಲೇಟ್ ಹಾಕಿದರೆ ಎಳೆತ ಪಕ್ಕದ ಗೋಡೆಗಳಿಗೆ ಹಂಚಿಹೋಗುತ್ತದೆ. ಕೊಳವೆಯನ್ನು ಕತ್ತರಿಸಿ ನಡುವೆ ಪ್ಲೇಟ್ ಹಾಯಿಸುವುದೂ ಉಂಟು. ಆಗ ಪ್ಲೇಟಿನಲ್ಲಿ ಕಾಂಕ್ರೀಟ್ ಇಳಿಯಲು, ಗಾಳಿ ಹೋಗಲು ತೂತು ಬಿಡಲೇಬೇಕು. ಇಲ್ಲವಾದರೆ ಅದರಡಿ ಪೊಳ್ಳು ಉಳಿಯುತ್ತದೆ. ಯಾವುದೇ ವಿಧಾನವಿರಲಿ, ಬೀಮ್ ಮೊದಲು ಬಾಗಬೇಕು, ಜೋಡಣೆ ಆಮೇಲೂ ಹಿಡಿದಿರಬೇಕು. ಇಲ್ಲೊಂದು ಸೋಜಿಗ: ಪೇಟೆಯಲ್ಲಿ ಸಿಕ್ಕ ಬೀಮ್ ಉಕ್ಕು 250ಕ್ಕಿಂತ ಹೆಚ್ಚು ಗಟ್ಟಿಯಿದ್ದರೆ ಖುಷಿಪಡುವಂತಿಲ್ಲ. ಅದು ಬಾಗಲು ತಡಮಾಡಿದಷ್ಟೂ ಬೆಸುಗೆಯ ಮೇಲೆ ಭಾರ ಏರುತ್ತದೆ.

1994ರ ಜನವರಿ 17ರಂದು ಅಮೆರಿಕದ ನಾರ್ತ್‌ರಿಜ್‌ನಲ್ಲಿ ಆದದ್ದು ಇಂಥದ್ದೇ. ಅಲ್ಲಿನ ಕಂಬಗಳು ಬೇರೆ ಬಗೆಯವು, ನಿಜ. ಆದರೂ ನೂರಕ್ಕೂ ಹೆಚ್ಚು ಉಕ್ಕಿನ ಕಟ್ಟಡಗಳಲ್ಲಿ ಬೀಮ್-ಕಂಬದ ಬೆಸುಗೆಗಳು ಬಾಗದೆ ಬಿರುಕುಬಿಟ್ಟವು, ಅದೂ ಹೆಚ್ಚಾಗಿ ಕೆಳಗಿನ ಫ್ಲಾಂಜ್ ಬಳಿ. ಹೊರಗೆ ನೆಟ್ಟಗೆ ಕಂಡ ಕಟ್ಟಡಗಳ ಹೊದಿಕೆ ಬಿಚ್ಚಿದಾಗಲೇ ಎಷ್ಟೋ ಬಿರುಕು ಕಂಡದ್ದು. ಸರಿಯಾಗಿ ಒಂದು ವರ್ಷಕ್ಕೆ, ಅದೇ ತಾರೀಕಿಗೆ, ಜಪಾನಿನ ಕೋಬೆಯಲ್ಲೂ ಬೆಸುಗೆಗಳು ಸೀಳಿದವು. ಇದನ್ನು ಹೇಳಿದಾಗ ಮಾವನ ವೆಲ್ಡರ್ ತಲೆಯಾಡಿಸಿದರು. ‘ಕೆಳಗಿಂದು ಯಾವಾಗ್ಲೂ ಕಷ್ಟ ಸಾರ್. ಮಧ್ಯ ವೆಬ್ ಅಡ್ಡ ಬರುತ್ತೆ, ಕೈ ಆಡಲ್ಲ.’ ಪುಸ್ತಕ ಹತ್ತು ಪುಟದಲ್ಲಿ ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

‘ನಮ್ಮೂರಲ್ಲಿ ಭೂಕಂಪ ಎಲ್ಲಪ್ಪಾ ಆಗುತ್ತೆ?’ ಮಾವ ಇನ್ನೂ ಬಿಟ್ಟಿರಲಿಲ್ಲ. ಐಎಸ್ 1893ರ 2016ರ ನಕ್ಷೆಯಲ್ಲಿ ತುಮಕೂರು ಎರಡನೇ ವಲಯ, ಅಂದರೆ ಅತಿ ಕಡಿಮೆ ಅಪಾಯದ್ದು. ಆದರೆ ನಮ್ಮ ಗಡಿಯಾಚೆಯ ಲಾತೂರಿನ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆ ಸೀಮೆಯಲ್ಲಿ ಸತ್ತವರು ಸುಮಾರು 10 ಸಾವಿರ. ಅವು ಕಲ್ಲು-ಮಣ್ಣಿನ ಮನೆಗಳು, ಉಕ್ಕಿನವಲ್ಲ. ಆದರೆ ನಕ್ಷೆಯ ಮಾತು ಅಲ್ಲಿ ನಿಲ್ಲಲಿಲ್ಲ. 2002ರಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿದರು.

ಮಾವ ಆ ರಾತ್ರಿ ಏನೂ ಹೇಳಲಿಲ್ಲ. ಮರುದಿನ ತುಮಕೂರಿನ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರ ಬಳಿ ಕರೆದುಕೊಂಡು ಹೋದರು. ನಾನಿನ್ನೂ ಕೆಲಸ ಸಿಗದ ಹುಡುಗ, ನನ್ನ ಮಾತಿಗೆ ಸಹಿ ಎಲ್ಲಿದೆ? ಅವರು ಹೊರಪ್ಲೇಟಿನ ನಕ್ಷೆ ಬರೆದುಕೊಟ್ಟರು. ಹೆಚ್ಚುವರಿ ಉಕ್ಕಿಗೆ ಮಾವ ಗೊಣಗಿದರು, ತಂದರು.

ಓದುತ್ತಿರುವ ಗೆಳೆಯರಿಗೆ ಒಂದು ವಿಷಯ. ಕಾಂಕ್ರೀಟ್-ಉಕ್ಕಿನ ಜೋಡಿ ರಚನೆಗೆ ಐಎಸ್ 11384 ಸಂಹಿತೆ 2022ರಲ್ಲಿ ಪರಿಷ್ಕೃತವಾಗಿದೆ. ಭೂಕಂಪ ತಾಳುವ ಉಕ್ಕಿನ ಕಟ್ಟಡಗಳಿಗೇ ಐಎಸ್ 18168 ಎಂಬ ಸಂಹಿತೆ 2023ರಲ್ಲಿ ಬಂದಿದೆ. ಹಳೆಯ ನೋಟ್ಸ್‌ನಲ್ಲಿ ಇವು ಸಿಗುವುದಿಲ್ಲ. ಪೀಣ್ಯದ ಕಂಪನಿಯೊಂದರಲ್ಲಿ ಮುಂದಿನ ವಾರ ನನಗೆ ಸಂದರ್ಶನವಿದೆ, ಕನೆಕ್ಷನ್ ಡಿಸೈನ್ ವಿಭಾಗಕ್ಕೆ. ಸದ್ಯ ಇವೆರಡನ್ನೂ ಮುಂದಿಟ್ಟುಕೊಂಡು ಕೂತಿದ್ದೇನೆ.