ಮಗುವಿನ ಮನಸ್ಸು ತಿಳಿಯಲು ಮನೆ ಭಾಷೆಯೂ ಬೇಕು

ಸೊಲ್ಲಾಪುರ: 'ಮನ್ಯಾಗ ಬಾಯಿ ಮುಚ್ಚಂಗಿಲ್ರೀ ಡಾಕ್ಟ್ರ, ಶಾಲ್ಯಾಗ ಮಾತ್ರ ಒಂದಕ್ಷರ ಆಡಂಗಿಲ್ಲ.' ಅಕ್ಕಲಕೋಟ, ಜತ್ತ ಭಾಗದ ಕನ್ನಡ ತಾಯಂದಿರ ದೂರು ಇಂಥದ್ದು. ಎದುರಿಗಿರುವ ತರಬೇತಿ ವೈದ್ಯರು ಮರಾಠಿಯಲ್ಲಿ ಹೆಸರು ಕೇಳಿದರೆ ಮಗು ನೆಲ ನೋಡುತ್ತದೆ. ಇದು ಕಾಯಿಲೆಯೋ, ಅಂಜಿಕೆಯೋ, ಭಾಷೆಯ ತೊಡಕೋ? ಮಕ್ಕಳ ಮನೋವೈದ್ಯ ಕಲಿಯುವವರಿಗೆ ಗಡಿಭಾಗದಲ್ಲಿ ಎದುರಾಗುವ ಮೊದಲ ಪ್ರಶ್ನೆಯೇ ಇದು.

ಎರಡು ವಾರ ಸಾಲದು

ಎಂಬಿಬಿಎಸ್ ಮುಗಿಸಿದವರ ಇಂಟರ್ನ್‌ಶಿಪ್‌ನಲ್ಲಿ ಮನೋವೈದ್ಯ ವಿಭಾಗ ಮೊದಲು ಐಚ್ಛಿಕವಾಗಿತ್ತು. 2021ರ ನಿಯಮದಂತೆ 2 ವಾರ ಕಡ್ಡಾಯವಾಯಿತು. ಆದರೆ ದೊಡ್ಡವರ ಕಾಯಿಲೆ, ಕುಡಿತದ ಚಟ ನೋಡುವುದರಲ್ಲೇ ಆ ದಿನಗಳು ಮುಗಿಯುತ್ತವೆ, ಮಕ್ಕಳ ಸರದಿ ಬರುವುದೇ ಕಡಿಮೆ ಎಂಬುದು ಕಲಿಯುವವರ ಕೊರಗು. 3 ವರ್ಷದ ಎಂ.ಡಿ. ಮಾಡುವವರಿಗೂ ಮಕ್ಕಳ ವಿಷಯ ಓದಿನ ಒಂದು ಭಾಗ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನಂತೆ ಮಕ್ಕಳಿಗೇ ಪ್ರತ್ಯೇಕ ವಿಭಾಗ ಮತ್ತು ಡಿ.ಎಂ. ಶಿಕ್ಷಣ ಇರುವ ಸಂಸ್ಥೆಗಳು ಕೆಲವೇ. ಅಗತ್ಯವೇನೂ ಸಣ್ಣದಲ್ಲ. ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತ್ತು.

ಮಾತ್ರೆಗಿಂತ ಮಾತು

ದೊಡ್ಡವರು ತಮ್ಮ ಕಷ್ಟ ತಾವೇ ಹೇಳುತ್ತಾರೆ. ಮಗು ಹೊಟ್ಟೆನೋವು ಅನ್ನುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಅದರ ಆಟ, ಬಿಡಿಸಿದ ಚಿತ್ರ ನೋಡಿ, ತಾಯಿ-ತಂದೆ, ಅಜ್ಜಿ, ಶಿಕ್ಷಕರ ಮಾತು ಕೇಳಿ ವೈದ್ಯರು ತಿಳಿಯಬೇಕು. ಒಂದು ಮಗುವಿಗೆ ತಾಸು ಬೇಕು, ಹೊರಗೆ ನೋಡಿದರೆ ದೊಡ್ಡ ಸರದಿ. ಮಾತ್ರೆ ಬರೆಯೋದು ಸುಲಭ, ಅಪ್ಪನಿಗೆ 'ಹುಡುಗನ್ನ ಹೊಡೀಬ್ಯಾಡ್ರಿ' ಅಂತ ಮನವರಿಕೆ ಮಾಡೋದೇ ಕಷ್ಟ. ಆದರೂ ಮನೆ ಮಂದಿಯ ಜೊತೆ ಮಾತಾಡುವುದನ್ನು ಕಲಿತದ್ದು ಬೇರೆ ವಿಭಾಗದಲ್ಲೂ ಉಪಯೋಗಕ್ಕೆ ಬರುತ್ತದೆ ಎಂದು ತರಬೇತಿಯಲ್ಲಿರುವವರು ಒಪ್ಪುತ್ತಾರೆ.

ಕನ್ನಡ ಬಿಡಿಸಬೇಡಿ

ಗಡಿಭಾಗದಲ್ಲಿ ಇದಕ್ಕೆ ಭಾಷೆಯ ಪ್ರಶ್ನೆಯೂ ಸೇರುತ್ತದೆ. ಮಾತು ತಡವಾದ ಮಗುವಿಗೆ 'ಮನ್ಯಾಗ ಕನ್ನಡ ಬಿಡ್ರಿ, ಮರಾಠಿ ಅಷ್ಟ ಮಾತಾಡ್ರಿ' ಎಂದು ಹೇಳುವವರಿದ್ದಾರೆ. ಇದು ತಪ್ಪು ಸಲಹೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ದೋಷ ಬರುವುದಿಲ್ಲ. ಮೊದಲು ಕಿವಿ ಪರೀಕ್ಷೆ ಆಗಬೇಕು, ನಂತರ ಎರಡೂ ಭಾಷೆಯಲ್ಲಿ ಮಗುವನ್ನು ನೋಡಬೇಕು. ಹೊಸ ಶಾಲೆ, ಹೊಸ ಭಾಷೆಯ ಮೊದಲ ತಿಂಗಳುಗಳಲ್ಲಿ ಮಗು ಮೌನವಾಗಿರುವುದು ಸಹಜ. ಅದು ಬಹಳ ಕಾಲ ಮುಂದುವರಿದರೆ ಮಾತ್ರ ಬೇರೆ ಕಾರಣ ಹುಡುಕಬೇಕು. ಮರಾಠಿ ಬಾರದ್ದಕ್ಕೇ ಮಗುವನ್ನು ದಡ್ಡ ಅನ್ನುವಂತಿಲ್ಲ.

ಅಕ್ಕನನ್ನೋ ನೆರೆಮನೆಯವರನ್ನೋ ದುಭಾಷಿ ಮಾಡಿಕೊಂಡರೆ ಮಗು ಗುಟ್ಟಿನ ನೋವು ಹೇಳಲಾರದು. ಆದ್ದರಿಂದ ಎರಡೂ ಭಾಷೆ ಬಲ್ಲ ಸಿಬ್ಬಂದಿ ಜೊತೆಗಿರುವುದು ಮೇಲು. ವೈದ್ಯರೇ 'ಏನ್ ಉಂಡ್ ಬಂದಿ?' ಅನ್ನುವಷ್ಟು ಕನ್ನಡ ಕಲಿತರೂ ಬಗ್ಗಿದ ತಲೆ ಮೇಲೇಳುತ್ತದೆ.

ಪಾಲಕರೂ ಸಂಕೋಚಪಡದೆ, ಮನೆಯಲ್ಲಿ ಆಡುವ ಭಾಷೆ ಯಾವುದೆಂದು ವೈದ್ಯರಿಗೆ ಮೊದಲೇ ಹೇಳಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ಮರಾಠಿ ಎರಡರಲ್ಲೂ ಮಾತಾಡಲು ಅವಕಾಶವಿದೆ.