ಸರ್ವರ್ ಎಂಬ ನೀರುಗಂಟಿ

ಶಿರಾ ತಾಲ್ಲೂಕಿನ ತಾವರೆಕೆರೆಯಂಥ ಊರಿನಲ್ಲಿ ಕೂಲಿ ಬಿಟ್ಟು ಅರ್ಜಿ ಹಿಡಿದು ಬಂದ ಹೆಂಗಸಿಗೆ ‘ಸರ್ವರ್ ಬಿಜಿ, ನಾಳೆ ಬಾರಮ್ಮ’ ಎಂದರೆ ಆಕೆಗೆ ಒಂದು ದಿನದ ಅನ್ನವೇ ನಷ್ಟ. ಆ ಸರ್ವರ್ ನಿಜಕ್ಕೂ ದುಡಿಯುತ್ತಿರುತ್ತದೆಯೆ? ಎಷ್ಟೋ ವೇಳೆ ಇಲ್ಲ; ನಿಧಾನವಾದ ದೂರದ ಫೋನುಗಳಿಗಾಗಿ ಸುಮ್ಮನೆ ಕಾಯುತ್ತಿರುತ್ತದೆ.

ಕೆರೆಯ ನೀರುಗಂಟಿಯನ್ನು ನೆನೆಯೋಣ. ಒಂದು ಗದ್ದೆ ತುಂಬುವವರೆಗೂ ಆತ ಅದರ ಬದುವಿನ ಮೇಲೆಯೇ ಕುಳಿತರೆ ಗದ್ದೆಗೊಬ್ಬ ನೀರುಗಂಟಿ ಬೇಕಾದೀತು. ಹಳೆಯ ಸರ್ವರುಗಳ ಪದ್ಧತಿ ಇದೇ: ಸಂಪರ್ಕಕ್ಕೊಬ್ಬ ಆಳು, ಆಳಿಗಷ್ಟು ಮೆಮೊರಿ. ಒಂದೇ ಯಂತ್ರ ಹತ್ತು ಸಾವಿರ ಸಂಪರ್ಕಗಳನ್ನು ತಾಳುವುದೆಂತು ಎಂಬ ಪ್ರಶ್ನೆಯನ್ನು 1999ರಲ್ಲಿ ಡ್ಯಾನ್ ಕೆಗೆಲ್ ಎತ್ತಿದರು. 2004ರಲ್ಲಿ ಇಗೊರ್ ಸಿಸೊಯೆವ್ ಹೊರತಂದ ಎಂಜಿನ್‌ಎಕ್ಸ್, ಜಾಣ ನೀರುಗಂಟಿಯಂತೆ, ಕೆಲಸವಿದ್ದ ಗದ್ದೆಗಷ್ಟೇ ಹೋಗುತ್ತದೆ. ಆದರೂ ಲಿನಕ್ಸಿನಲ್ಲಿ ಒಂದು ಪ್ರಕ್ರಿಯೆ ಏಕಕಾಲಕ್ಕೆ ತೆರೆದಿಡಬಹುದಾದ ಸಂಪರ್ಕಗಳ ರೂಢಿಯ ಮಿತಿ 1024. ಅದನ್ನು ಏರಿಸದಿದ್ದರೆ ಈ ಜಾಣ್ಮೆಯೆಲ್ಲ ವ್ಯರ್ಥ.

ದೊಡ್ಡ ಕಡತಗಳನ್ನು ಕಳುಹಿಸುವಾಗಿನ ತೊಡಕು ಬೇರೆ. ‘ಮುಟ್ಟಿತು’ ಎಂಬ ಉತ್ತರ ಬರುವ ಮುನ್ನ ದಾರಿಯಲ್ಲಿ ಬಿಡಬಹುದಾದ ಮಾಹಿತಿಗೆ ಮಿತಿಯುಂಟು. ಅದು 64 ಕಿಲೋಬೈಟ್, ಹೋಗಿಬರುವ ಕಾಲ 200 ಮಿಲಿಸೆಕೆಂಡ್ ಆದರೆ, ತಂತಿ ಎಷ್ಟೇ ಸಮರ್ಥವಾಗಿರಲಿ, ಸೆಕೆಂಡಿಗೆ 320 ಕಿಲೋಬೈಟ್ ಮೀರದು. ಕಾಲುವೆಯನ್ನು ಅಗಲಿಸಿ ತೂಬನ್ನು ಕಿರಿದಾಗಿಯೇ ಬಿಟ್ಟಂತೆ! ಈ ಮಿತಿಯನ್ನು ಹಿಗ್ಗಿಸಬಹುದು, ನಿಜ. ಆದರೆ ಸಂಪರ್ಕವೊಂದಕ್ಕೆ 4 ಮೆಗಾಬೈಟ್ ಕೊಟ್ಟರೆ ಹತ್ತು ಸಾವಿರಕ್ಕೆ 40 ಗಿಗಾಬೈಟ್ ಮೆಮೊರಿ ಬೇಕು. ಅಳೆಯದೆ ಹಿಗ್ಗಿಸುವುದು ಅವಿವೇಕವೆಂದೇ ನನ್ನ ಎಣಿಕೆ.

ಎಷ್ಟು ಹದಗೊಳಿಸಿದರೂ ಎಲ್ಲರೂ ಒಂದೇ ಗಳಿಗೆಯಲ್ಲಿ ಬಂದರೆ ಕಷ್ಟವೇ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ಮನೆಯೊಡತಿಯರಿಗೆ ದಿನ, ವೇಳೆ, ಕೇಂದ್ರಗಳನ್ನು ಮೊಬೈಲ್ ಸಂದೇಶದಲ್ಲಿ ತಿಳಿಸುವ ಏರ್ಪಾಡಾಗಿತ್ತು. ಸರ್ವರಿನ ಬಾಗಿಲಲ್ಲಿ ಆಗಬಹುದಾದ ನೂಕುನುಗ್ಗಲನ್ನು ಹೀಗೆ ದಿನಗಳ ಉದ್ದಕ್ಕೂ ಸರದಿಯಾಗಿ ಹರಡಬಹುದು.