ನಾಯಿಮರಿಯ ಮೊದಲ ಪಾಠ

ಮನೆಗೆ ಬಂದ ನಾಯಿಮರಿಯು ಜಮಖಾನೆಯನ್ನು ಒದ್ದೆಮಾಡಿದೊಡನೆ ನಮ್ಮ ಕೈ ಕೋಲನ್ನು ಹುಡುಕುತ್ತದೆ. ಆದರೆ ತಪ್ಪು ಯಾರದು? 8 ವಾರದ ಮರಿಗೆ ಮೂತ್ರವನ್ನು ತಡೆಹಿಡಿಯುವ ಶಕ್ತಿಯು ಇನ್ನೂ ಬಲಿತಿರುವುದಿಲ್ಲ; ಹಗಲಿನಲ್ಲಿ 2 ಗಂಟೆ ತಡೆದರೆ ಅದೇ ಹೆಚ್ಚು. ಆದುದರಿಂದ ನಿದ್ರೆ ತಿಳಿದೊಡನೆ, ಉಂಡ ಬಳಿಕ, ಆಟ ಮುಗಿದ ಕೂಡಲೆ ಅದನ್ನು ಹಿತ್ತಲಿನ ಒಂದೇ ಗೊತ್ತಾದ ಸ್ಥಳಕ್ಕೆ ಒಯ್ಯಬೇಕು. ಕೆಲಸವಾದ ಕ್ಷಣವೇ ಮೆಚ್ಚಿ, ಒಂದು ತುಣುಕು ತಿಂಡಿಯನ್ನು ಕೊಡಬೇಕು.

ತಾನು ಮಲಗುವ ಠಾವನ್ನು ಹೊಲಸುಮಾಡಲು ನಾಯಿಯು ಸ್ವಭಾವತಃ ಹಿಂಜರಿಯುತ್ತದೆ. ಬಾಗಿಲುಳ್ಳ, ಗಾಳಿಯಾಡುವ ಪೆಟ್ಟಿಗೆಯೊಂದು ಉಪಯೋಗಕ್ಕೆ ಬರುವುದು ಇಲ್ಲಿಯೇ. ಮರಿಯು ಎದ್ದು ನಿಂತು, ಸುತ್ತ ತಿರುಗಿ, ಕಾಲು ಚಾಚಿ ಮಲಗುವಷ್ಟು ಸ್ಥಳ ಅದರಲ್ಲಿರಲಿ. ಇದಕ್ಕಿಂತ ದೊಡ್ಡದಾದರೆ ಒಂದು ಮೂಲೆ ಶಯ್ಯಾಗೃಹ, ಇನ್ನೊಂದು ಬಚ್ಚಲು! ಮೊದಮೊದಲು ಬಾಗಿಲನ್ನು ತೆರೆದಿಟ್ಟು, ಒಳಗೆ ತಿಂಡಿಯಿರಿಸಿ ಒಲಿಸಬೇಕು. ಅದನ್ನು ದಂಡನೆಯ ಸೆರೆಮನೆಯಾಗಿ ಎಂದಿಗೂ ಬಳಸಕೂಡದು.

ಎಂದೋ ಆದ ತಪ್ಪಿಗೆ ಈಗ ಹೊಡೆದರೆ ಮರಿಯು ಕಲಿಯುವುದು ಶುಚಿತ್ವವನ್ನಲ್ಲ, ನಮ್ಮನ್ನು ಕಂಡು ಅಂಜುವುದನ್ನು. ಮುಂದೆ ಅದು ಮಂಚದಡಿಯ ಮರೆಯನ್ನು ಹುಡುಕುತ್ತದೆ. ಗಡಿಯಾರವನ್ನು ನೋಡಬಲ್ಲವರು ನಾವೇ ಅಲ್ಲವೆ? ಆದಕಾರಣ ಮೊದಲ ಪಾಠವೂ ನಮ್ಮದೇ.